ತಾತನ ವಿಮಾನ, ಅಜ್ಜಿಯ ಕಣ

ನಮ್ಮ ಮನೆಯಲ್ಲಿ ರಾತ್ರಿಯ ಮುದ್ದೆ ತಟ್ಟೆಗೆ ಬೀಳುವ ಹೊತ್ತಿಗೆ ಸರಿಯಾಗಿ ಒಂದು ವಿಮಾನ ಇಳಿಯುತ್ತಿತ್ತು. ಇಳಿಸುತ್ತಿದ್ದವನು ತಾತ. ಬಂದ ದಾರಿಗೇ ಅದನ್ನು ಹಿಂದಕ್ಕೆ ಅಟ್ಟುತ್ತಿದ್ದವಳು ಅಜ್ಜಿ. ಅಪ್ಪ ತಲೆ ಬಗ್ಗಿಸಿ ಉಣ್ಣುತ್ತಿದ್ದ. ಅವ್ವ ಒಲೆಯ ಕಡೆ ತಿರುಗಿಕೊಂಡು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು. ನಾನು ಮಾತ್ರ ತಾತನ ಮುಖವನ್ನೊಮ್ಮೆ, ಅಜ್ಜಿಯ ಮುಖವನ್ನೊಮ್ಮೆ ನೋಡುತ್ತಾ ಕೈಯಲ್ಲಿದ್ದ ತುತ್ತು ಆರುವವರೆಗೆ ಕೂತಿರುತ್ತಿದ್ದೆ. ಮುಂದೆ ಕೊಳ್ಳೇಗಾಲದ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆಯನ್ನು ಟೈಪು ಮಾಡುವ ಕೆಲಸಕ್ಕೆ ಸೇರಿದಾಗ ಎಲ್ಲರೂ ನನ್ನ ತಾಳ್ಮೆಯನ್ನು ಹೊಗಳಿದರು. ಅವರಿಗೇನು ಗೊತ್ತು, ನನ್ನ ತರಬೇತಿ ಹಾಲು ಹಲ್ಲು ಬೀಳುವ ಮೊದಲೇ ಮುಗಿದಿತ್ತು.

ಹನೂರಿನಿಂದ ರಾಮಾಪುರದ ಕಡೆಗೆ ಹೋಗುವ ದಾರಿಯಿಂದ ಒಳಗೆ ನಮ್ಮೂರು. ಊರಿನ ಪಕ್ಕಕ್ಕೇ ಹೊಂದಿಕೊಂಡು, ಯಾವ ಹೊಲದ ಅಳತೆಗೂ ಸಿಗದಂಥ ಉದ್ದನೆಯ ಒಂದು ಕಾಂಕ್ರೀಟು ನೆಲ. ಊರವರ ಬಾಯಲ್ಲಿ ಅದು ಇಮಾನದ ಬಯ್ಲು. ದೊಡ್ಡ ಯುದ್ಧದ ಕಾಲದಲ್ಲಿ ದಿಕ್ಕು ತಪ್ಪಿದ ಮಿಲಿಟರಿ ವಿಮಾನ ಇಳಿಯುವುದಕ್ಕೆ ಒಂದು ಜಾಗ ಇರಲಿ ಎಂದು ಬಿಳಿ ದೊರೆಗಳು ಮಾಡಿಸಿದ್ದಂತೆ. ಹುರುಳಿ ಬಿತ್ತಿದ್ದ ಹೊಲಗಳನ್ನು ಹಿಡಿದುಕೊಂಡು, ಲಾರಿಗಳಲ್ಲಿ ಸಿಮೆಂಟು, ಸಂದು ತುಂಬಲು ಪೀಪಾಯಿ ಪೀಪಾಯಿ ಡಾಂಬರು ತರಿಸಿ, ಗಡಿಯಾಚೆಯಿಂದ ತಮಿಳು ಕೂಲಿಯವರನ್ನು ಕರೆಸಿ ಮಾಡಿದ ಕೆಲಸ. ನೆಲ ಸಿದ್ಧವಾಗುವ ಹೊತ್ತಿಗೆ ಯುದ್ಧವೇ ಮುಗಿಯುತ್ತಾ ಬಂದಿತ್ತು. ದೊರೆಗಳು ಡೇರೆ ಕಿತ್ತುಕೊಂಡು ಹೋದರು. ಬಿಟ್ಟುಹೋದದ್ದನ್ನೆಲ್ಲ ಊರು ಹಂಚಿಕೊಂಡಿತು. ನಮ್ಮ ಬಚ್ಚಲಿನಲ್ಲಿ ನೀರು ಕಾಯುತ್ತಿದ್ದುದು ಡಾಂಬರಿನ ಪೀಪಾಯಿಯಲ್ಲಿ. ಎಷ್ಟು ಉಜ್ಜಿದರೂ ಅದರ ವಾಸನೆ ಹೋಗಲಿಲ್ಲ, ಹಬ್ಬದ ಎಣ್ಣೆಸ್ನಾನ ಮಾಡಿ ಬಂದವರೆಲ್ಲ ಹೊಸ ರಸ್ತೆಯ ಹಾಗೆ ನಾರುತ್ತಿದ್ದೆವು. ದನದ ಕೊಟ್ಟಿಗೆಯ ಬಾಗಿಲು ಅವರ ತಗಡು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ತೋರಿಸಲು ಕಂಬದ ಮೇಲೆ ಕಟ್ಟಿದ್ದ ಬಟ್ಟೆಯ ಚೀಲವನ್ನು ಅಜ್ಜಿ ಇಳಿಸಿ, ಒಗೆದು, ಅಪ್ಪನಿಗೆ ತೊಟ್ಟಿಲು ಮಾಡಿದ್ದಳು. ಅಪ್ಪ ಯಾವ ಮಾತಿಗೂ ಒಂದು ಕಡೆ ನಿಲ್ಲದೆ ಗಾಳಿ ಬಂದ ಕಡೆ ತಿರುಗುವವನಾದದ್ದಕ್ಕೆ ಅದೇ ಕಾರಣ ಎಂದು ಅವ್ವ ಕೊನೆಯವರೆಗೂ ನಂಬಿದ್ದಳು.

ತಾತ ಆಗ ಮೀಸೆ ಚಿಗುರಿದ ಹುಡುಗ, ಹೊಸದಾಗಿ ಮದುವೆಯಾದವನು. ದೊರೆ ಅವನಿಗೊಂದು ಖಾಕಿ ಚಡ್ಡಿ, ಒಂದು ಪೀಪಿ ಕೊಟ್ಟು ಬಯಲಿನ ಕಾವಲಿಗೆ ಹಾಕಿದ್ದ. ಕೆಲಸ ಸರಳ. ವಿಮಾನದ ಸದ್ದು ಕೇಳಿದರೆ ಒಂದು ಸಲ ಪೀಪಿ ಊದಬೇಕು. ಊರವರೆಲ್ಲ ಓಡಿ ಹೋಗಿ ಬಯಲಿನ ಅಂಚಿನ ಹಳ್ಳದಲ್ಲಿ ಬೋರಲು ಮಲಗಿ, ಕಿವಿಗೆ ಬೆರಳು ಇಟ್ಟುಕೊಂಡು, ಕಣ್ಣು ಮುಚ್ಚಿಕೊಳ್ಳಬೇಕು. ಬಂದದ್ದು ನಮ್ಮದೋ ಶತ್ರುವಿನದೋ ಯಾರಿಗೆ ಗೊತ್ತು. ಅಪಾಯ ಇಲ್ಲ ಎಂದಾದ ಮೇಲೆ ಇನ್ನೊಮ್ಮೆ ಊದಬೇಕು, ಆಗ ಏಳಬೇಕು. ದೊರೆ ಇದನ್ನು ಊರವರಿಗೆ ಹತ್ತಾರು ಸಲ ಮಾಡಿಸಿ ಕಲಿಸಿದ್ದನಂತೆ. ಕೊನೆಗೂ ಒಂದು ದಿನ ವಿಮಾನ ಬಂತು ಎನ್ನುತ್ತಿದ್ದ ತಾತ. ಅವನು ಪೀಪಿ ಊದಿದ. ಊರಿಗೆ ಊರೇ ಹಳ್ಳದಲ್ಲಿ ಬೋರಲು ಬಿತ್ತು. ವಿಮಾನ ಇಳಿಯಿತು. ಅದರೊಳಗಿನಿಂದ ಒಬ್ಬ ಕೆಂಪು ಮುಖದವನು ಇಳಿದು, ಪೊದೆಯ ಮರೆಗೆ ಹೋಗಿ ಬಂದು, ತಾತ ಕೊಟ್ಟ ಮಜ್ಜಿಗೆ ಕುಡಿದು, ತಾತನ ಬೆನ್ನು ತಟ್ಟಿ ಮತ್ತೆ ಹಾರಿಹೋದ. ಇಷ್ಟೇ ಆಗಿದ್ದರೆ ತಾತ ಊರಿಗೆ ದೊಡ್ಡ ಮನುಷ್ಯನಾಗುತ್ತಿದ್ದ. ಆದರೆ ಬಾಯಿ ಬಿಟ್ಟುಕೊಂಡು ಆಕಾಶ ನೋಡುತ್ತಾ ನಿಂತವನು ಎರಡನೆಯ ಪೀಪಿ ಊದುವುದನ್ನು ಮರೆತ.

ಊರವರು ದೊರೆಯ ಮಾತು ಮೀರುವವರಲ್ಲ. ಬಿಸಿಲು ಇಳಿಯುವವರೆಗೆ ಕಿವಿಗೆ ಬೆರಳಿಟ್ಟುಕೊಂಡು ಹಾಗೇ ಮಲಗಿದ್ದರು. ಹಟ್ಟಿಯಲ್ಲಿ ಕರುಗಳು ಹಾಲೆಲ್ಲ ಕುಡಿದವು, ಒಲೆಯ ಮೇಲಿನ ಸಾರು ಸೀದುಹೋಯಿತು. ಎದ್ದು ನೋಡಿದರೆ ಬಯಲು ಖಾಲಿ. ತಾತನೊಬ್ಬ ಅದರ ಮಧ್ಯೆ ಮಜ್ಜಿಗೆಯ ಖಾಲಿ ಚೊಂಬು ಹಿಡಿದು ನಗುತ್ತಾ ನಿಂತಿದ್ದಾನೆ. ಅವತ್ತು ಊರು ಒಂದು ತೀರ್ಮಾನಕ್ಕೆ ಬಂತು: ಯಾವ ವಿಮಾನವೂ ಬಂದಿಲ್ಲ, ಎಲ್ಲೋ ಲಾರಿಯ ಸದ್ದು ಕೇಳಿ ಈ ಹುಡುಗ ನಮ್ಮನ್ನೆಲ್ಲ ಮಣ್ಣು ಮುಕ್ಕಿಸಿದ. ಆಮೇಲೆ ನಮ್ಮೂರಿನಲ್ಲಿ ಶುದ್ಧ ಸುಳ್ಳಿಗೆ ‘ಇಮಾನದ ಮಾತು’ ಎಂಬ ಹೆಸರು ಬಿತ್ತು. ಸಾಲ ಇಸಿದುಕೊಂಡವನು ನಾಳೆ ಕೊಡುತ್ತೇನೆ ಎಂದರೆ ಅದು ಇಮಾನದ ಮಾತು. ಪಂಚಾಯಿತಿ ಕಟ್ಟೆಯಲ್ಲಿ ತಾತ ಬಾಯಿ ತೆರೆದರೆ ಸಾಕು, ಯಾರಾದರೂ ಒಬ್ಬರು ಮೆಲ್ಲಗೆ ಕಿವಿಗೆ ಬೆರಳಿಟ್ಟುಕೊಳ್ಳುತ್ತಿದ್ದರು. ಸ್ಕೂಲಿನಲ್ಲಿ ನನಗೆ ನಿಜವಾಗಿ ಜ್ವರ ಬಂದು ಹಣೆ ಸುಡುತ್ತಿದ್ದಾಗಲೂ ಪಕ್ಕದ ಹುಡುಗಿಯರು ‘ಇಮಾನದ ಜ್ವರ’ ಎಂದರು. ನನಗೆ ಅಳು ಬಂದಿತ್ತು. ತಾತನ ಮೇಲೆ ಬಂದ ಸಿಟ್ಟು ಅದಕ್ಕಿಂತ ಹೆಚ್ಚಾಗಿತ್ತು.

ಊರವರ ಮಾತನ್ನಾದರೂ ತಾತ ನುಂಗಿಕೊಳ್ಳುತ್ತಿದ್ದ. ಅಜ್ಜಿಯ ಮಾತು ಅವನಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಜ್ಜಿ ಯಳಂದೂರಿನ ಕಡೆಯ ಹೊನ್ನೂರಿನವಳು. ಭತ್ತ, ಕಬ್ಬು, ತೆಂಗು ನೋಡಿಕೊಂಡು ಬೆಳೆದು ಈ ಕಲ್ಲುಹೊಲದ ರಾಗಿಯ ಊರಿಗೆ ಬಂದು ಬಿದ್ದೆ ಎಂಬ ಕೊರಗು ಅವಳಿಗೆ ಮೊದಲಿನಿಂದಲೂ ಇತ್ತು. ವಿಮಾನ ಬಂತು ಎನ್ನುವ ದಿನ ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಬಾಣಂತನ ಮುಗಿಸಿ ಅಪ್ಪನನ್ನು ಎತ್ತಿಕೊಂಡು ಬಂದಾಗ ಬಸ್ಸು ಇಳಿದ ಜಾಗದಲ್ಲೇ ಯಾರೋ ‘ನಿನ್ ಗಂಡ ಊರ್ಗೆಲ್ಲ ಮಣ್ ಮುಕ್ಕಿಸ್ದ’ ಎಂದು ಹೇಳಿ ನಕ್ಕರಂತೆ. ಆ ನಗುವಿನ ಲೆಕ್ಕವನ್ನು ಅವಳು ತಾತನ ಹತ್ತಿರ ದಿನಾ ರಾತ್ರಿ ವಸೂಲು ಮಾಡುತ್ತಿದ್ದಳು.

“ನಾನಿದ್ದಾಗ ಒಂದು ಗುಬ್ಬಚ್ಚೀನೂ ಇಳೀನಿಲ್ಲ, ನಾನು ಅತ್ಲಾಗ್ ಓದ್ ತಕ್ಷಣ ಇಮಾನ ಇಳೀತಾ?”

“ಅದ್ಕೇನ್ ಗೊತ್ತಮ್ಮಿ ನೀನು ಊರಲ್ಲಿಲ್ಲ ಅಂತ?”

“ಬಂದಿದ್ರೆ ಒಬ್ರಾದ್ರೂ ನೋಡ್ತಿರ್ನಿಲ್ವಾ?”

“ಎಲ್ರೂ ಬೋರಲು ಬಿದ್ದಿದ್ರು ಕಣಮ್ಮಿ!”

“ಸರಿ ಬುಡು. ಮುದ್ದೆ ಆರೋಯ್ತದೆ, ಉಣ್ಣು.”

ಇಲ್ಲಿಗೆ ವಿಮಾನ ವಾಪಸು ಹೋಗುತ್ತಿತ್ತು. ತಾತ ಮುದ್ದೆ ಮುರಿಯುತ್ತಾ ನನ್ನ ಕಡೆ ನೋಡುತ್ತಿದ್ದ. ನಾನೂ ಅಜ್ಜಿಯ ಕಡೆಯವಳೇ. ಸಾಕ್ಷಿ ಎಲ್ಲಿ ತಾತ ಎಂದು ಕೇಳುತ್ತಿದ್ದೆ. ಅವನ ಹತ್ತಿರ ಆ ಪೀಪಿ ಒಂದು ಬಿಟ್ಟರೆ ಬೇರೇನೂ ಇರಲಿಲ್ಲ, ಅದನ್ನೂ ಅಪ್ಪ ಚಿಕ್ಕವನಿದ್ದಾಗ ಎಲ್ಲೋ ಕಳೆದುಹಾಕಿದ್ದ.

ಇಷ್ಟೆಲ್ಲ ಬೈದರೂ ಆ ಬಯಲನ್ನು ಅಜ್ಜಿಯಷ್ಟು ಬಳಸಿಕೊಂಡವರು ಇನ್ನೊಬ್ಬರಿರಲಿಲ್ಲ. ಬೇರೆ ಊರುಗಳಲ್ಲಿ ಒಕ್ಕಣೆಗೆ ನೆಲ ಕೆತ್ತಿ, ನೀರು ಹಾಕಿ, ಸಗಣಿ ಸಾರಿಸಿ ಕಣ ಮಾಡಬೇಕು. ಎಷ್ಟು ಮಾಡಿದರೂ ರಾಗಿಗೆ ಮಣ್ಣು, ಕಲ್ಲು ಸೇರುವುದು ತಪ್ಪದು. ನಮ್ಮೂರಿಗೆ ದೊರೆಗಳೇ ಕಣ ಮಾಡಿಕೊಟ್ಟು ಹೋಗಿದ್ದರು. ಸುಗ್ಗಿ ಬಂತೆಂದರೆ ಊರಿನ ರಾಗಿ, ಹುರುಳಿ, ಅವರೆ ಎಲ್ಲ ಅಲ್ಲಿಗೇ. ನಮ್ಮೂರಿನ ಮುದ್ದೆಯಲ್ಲಿ ಕಲ್ಲು ಸಿಕ್ಕ ಉದಾಹರಣೆ ಇಲ್ಲ. ಹನೂರು ಸಂತೆಯಲ್ಲಿ ನಮ್ಮೂರ ಮುದುಕರನ್ನು ಹಲ್ಲು ನೋಡಿಯೇ ಗುರುತಿಸುತ್ತಿದ್ದರು. ಕಣಕ್ಕೆ ನಡೆದುಕೊಳ್ಳಬೇಕಾದ ರೀತಿಯಲ್ಲೇ ಅಜ್ಜಿ ಆ ಕಾಂಕ್ರೀಟಿಗೂ ನಡೆದುಕೊಳ್ಳುತ್ತಿದ್ದಳು. ಮೊದಲ ದಿನ ಅದಕ್ಕೂ ಸಗಣಿ ನೀರು ಚಿಮುಕಿಸಿ, ಸಗಣಿಯ ಬೆನಕನಿಗೆ ಗರಿಕೆ ಸಿಕ್ಕಿಸಿ ಇಡುತ್ತಿದ್ದಳು. ಚಪ್ಪಲಿ ಮೆಟ್ಟಿಕೊಂಡು ಒಬ್ಬರೂ ಕಾಲಿಡುವಂತಿರಲಿಲ್ಲ. ಒಮ್ಮೆ ಜಾಗ ಅಳೆಯಲು ಬಂದ ಸರ್ವೆಯವರೂ ಬರಿಗಾಲಿನಲ್ಲಿ ಸರಪಳಿ ಎಳೆದಿದ್ದರು.

ಅಲ್ಲಿ ತಾತನದ್ದು ಒಂದೇ ಒಂದು ಷರತ್ತು. ಬಯಲಿನ ಎರಡು ಪಕ್ಕಕ್ಕೆ ಯಾರು ಏನು ಬೇಕಾದರೂ ಹರಡಿಕೊಳ್ಳಲಿ, ನಡುವಿನ ಪಟ್ಟೆ ಮಾತ್ರ ಖಾಲಿ ಇರಬೇಕು. ಸುಗ್ಗಿಯ ಮೊದಲೇ ಅವನು ಬಿರುಕುಗಳಲ್ಲಿ ಬೆಳೆದ ಹುಲ್ಲು ಕಿತ್ತು, ಎರಡೂ ಬದಿಗೆ ಸುಣ್ಣ ಬಳಿದ ಕಲ್ಲು ಜೋಡಿಸಿ, ದೊಣ್ಣೆ ಹಿಡಿದು ಕೂರುತ್ತಿದ್ದ. ಅವನ ಮಾತು ನಂಬಿ ಜಾಗ ಬಿಟ್ಟವರು ಯಾರೂ ಇಲ್ಲ. ಬಿಡದಿದ್ದರೆ ವಿಮಾನದ ಕತೆಯನ್ನು ಮೊದಲಿನಿಂದ ಕೇಳಬೇಕಾಗುತ್ತದೆ ಎಂದು ಹೆದರಿ ಬಿಡುತ್ತಿದ್ದರು. ಅಜ್ಜಿಗೆ ಆ ಖಾಲಿ ಪಟ್ಟೆಯನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಊರಿನಲ್ಲೇ ಸಮವಾದ, ನುಣುಪಾದ ಜಾಗ ಅದು. ಪ್ರತಿ ವರ್ಷ ಒಂದು ಮೊರ ಹುರುಳಿಯನ್ನಾದರೂ ಗೆರೆಯಾಚೆ ಸುರಿದು ಬರುತ್ತಿದ್ದಳು. ತಾತ ಅದನ್ನು ಗುಡಿಸಿ ಈಚೆಗೆ ಹಾಕುತ್ತಿದ್ದ.

“ಬಂದೇ ಬತ್ತದೆ ಕಣಮ್ಮಿ. ಬಂದಾಗ ಜಾಗ ಇಲ್ದಿದ್ರೆ ಏನ್ ಮಾಡದು?”

“ಬಂದ್ರೆ ನನ್ ತಲೆ ಮೇಲೆ ಇಳಿಸ್ಕೊ.”

ನಾನು ಮಿಡ್ಲ್ ಸ್ಕೂಲಿನಲ್ಲಿದ್ದ ವರ್ಷ. ಆಗ ಕಾಡಿನ ಕಡೆ ಕಾಡುಗಳ್ಳನಿಗಾಗಿ ಪೊಲೀಸರ ಹುಡುಕಾಟ ಜೋರಾಗಿತ್ತು. ರಾಮಾಪುರದ ದಾರಿಯಲ್ಲಿ ಜೀಪುಗಳ ಓಡಾಟ, ಬೆಟ್ಟದ ಮೇಲೆ ಎಲ್ಲೋ ಎತ್ತರದಲ್ಲಿ ಅಪರೂಪಕ್ಕೊಮ್ಮೆ ಹೆಲಿಕಾಪ್ಟರು. ತಾತ ಹಣೆಗೆ ಕೈ ಅಡ್ಡ ಇಟ್ಟು ನೋಡಿ, ಅದು ವಿಮಾನ ಅಲ್ಲ, ಸುಮ್ಮನೆ ದುಂಬಿ ಎನ್ನುತ್ತಿದ್ದ. ಆ ಸುಗ್ಗಿಯಲ್ಲಿ ಎಲ್ಲರೂ ತೆನೆ ಬಿಚ್ಚಿ ಹರಡಿ, ಒಕ್ಕುವ ರೋಣಗಲ್ಲು ಹೊಡೆಯಲು ಶುರು ಮಾಡಿದ ಹೊತ್ತಿಗೇ ಅಕಾಲದ ಮೋಡ ಕಟ್ಟಿತು. ಬೆಟ್ಟವೇ ಕಾಣದ ಹಾಗೆ ಮಂಜು ಮುಸುಕಿತು. ಇವತ್ತೇ ಒಕ್ಕಿ ಮುಗಿಸದಿದ್ದರೆ ವರ್ಷದ ರಾಗಿ ಕಣದಲ್ಲೇ ಮೊಳಕೆಯೊಡೆಯುತ್ತದೆ. ಎರಡೂ ಪಕ್ಕದಲ್ಲಿ ಜಾಗ ಸಾಲದು. ಊರೆಲ್ಲ ತಾತನ ಮುಂದೆ ನಿಂತಿತು, ಯಾರೂ ನಗಲಿಲ್ಲ. ಅಜ್ಜಿಯೂ ಅವತ್ತು ಜಗಳ ಆಡಲಿಲ್ಲ, ‘ಮಕ್ಳು ಉಣ್ಣೋ ಅನ್ನ ಕಣ’ ಎಂದಳು ಅಷ್ಟೆ. ತಾತ ಬಹಳ ಹೊತ್ತು ಮೋಡ ನೋಡಿದ. ಆಮೇಲೆ ತಾನೇ ಬಗ್ಗಿ ಸುಣ್ಣದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟ. ಅವನ ಬೆನ್ನು ನೋಡಿ ನನಗೆ ಪಾಪ ಎನ್ನಿಸಿತು. ಅರ್ಧ ದಿನದೊಳಗೆ ಆ ಬಯಲು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ರಾಗಿಯಾಯಿತು.

ಹೆಲಿಕಾಪ್ಟರು ಬಂದದ್ದು ಆವಾಗ. ಮೋಡದೊಳಗೆ ಎಲ್ಲೋ ಗುಡುಗುಡು ಎಂದದ್ದು ಕೇಳಿ ಮಳೆಯೇ ಬಂತೆಂದು ನಾವು ಟಾರ್ಪಾಲಿಗೆ ಓಡಿದೆವು. ಅಷ್ಟರಲ್ಲಿ ಸದ್ದು ಸೀದಾ ನೆತ್ತಿಯ ಮೇಲೇ ಬಂದು, ಮಂಜು ಹರಿದು, ತೆಂಗಿನ ಮರದೆತ್ತರದಲ್ಲಿ ಅದರ ಹೊಟ್ಟೆ ಕಾಣಿಸಿತು. ಆಗ ನಡೆದದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ಜೀವಮಾನವಿಡೀ ತಾತನನ್ನು ನೋಡಿ ನಕ್ಕಿದ್ದ ಮುದುಕರು, ಮುದುಕಿಯರೆಲ್ಲ, ಯಾರೂ ಪೀಪಿ ಊದದೆಯೇ, ಹಳ್ಳಕ್ಕೆ ಓಡಿ ಬೋರಲು ಬಿದ್ದರು. ಕಿವಿಗೆ ಬೆರಳು ಇಟ್ಟುಕೊಂಡರು. ಕಣ್ಣು ಮುಚ್ಚಿಕೊಂಡರು. ದೊರೆ ಕಲಿಸಿದ ಪಾಠ ಒಂದಿಷ್ಟೂ ಮಾಸಿರಲಿಲ್ಲ. ಅವರನ್ನು ನೋಡಿ ಅರ್ಧ ಊರು ತಾನೂ ಬಿತ್ತು. ನನ್ನ ಅಪ್ಪ ಮೊದಲು ಹಳ್ಳದ ಕಡೆ ಓಡಿದ, ಆಮೇಲೆ ನಮ್ಮ ಕಡೆ ಓಡಿದ, ಕೊನೆಗೆ ನಡುವೆ ಕೂತುಬಿಟ್ಟ.

ತಾತ ನಡುಬಯಲಿನಲ್ಲಿ ರಾಗಿಯ ಮೇಲೆ ನಿಂತಿದ್ದ. ಇಷ್ಟು ವರ್ಷ ಜಾಗ ಕಾದಿಟ್ಟಿದ್ದ, ಬಿಟ್ಟುಕೊಟ್ಟ ದಿನವೇ ಅದು ಬಂದಿತ್ತು. ಅವನು ಎರಡೂ ಕೈಯೆತ್ತಿ ಬೀಸತೊಡಗಿದ. ಬಾ ಎಂದು ಕರೆಯುತ್ತಿದ್ದಾನೆ ಅಂದುಕೊಂಡೆ. ಅಲ್ಲ.

“ಓಗು! ಓಗು! ರಾಗಿ ಅದೆ! ಊರ ಅನ್ನ ಅದೆ! ಓಗು ಅತ್ಲಾಗೆ!”

ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ದೂಳಿಗೋ ಏನೋ ಎಂದು ಆಮೇಲೆ ಎಲ್ಲರೂ ಅಂದರು. ದೂಳಿಗಲ್ಲ. ಅಷ್ಟರಲ್ಲಿ ಪಕ್ಕದಿಂದ ಅಜ್ಜಿ ಸೆರಗು ಸೊಂಟಕ್ಕೆ ಬಿಗಿದು, ಪೊರಕೆ ಹಿಡಿದು ನುಗ್ಗಿದಳು. ಅವನಿಗೆ ಹೊಡೆಯಲಿಕ್ಕೇ ಬಂದಳು ಎಂದು ನಾನು ಹೆದರಿದೆ. ಅವಳು ಬಗ್ಗಿ, ನಡುವಿನ ರಾಗಿಯನ್ನು ಎರಡೂ ಪಕ್ಕಕ್ಕೆ ಗುಡಿಸತೊಡಗಿದಳು.

“ಬರ್ಲಿ ಬುಡು! ಇಷ್ಟ್ ವರ್ಸ ಕಾದು, ಬಂದಿದ್ ಗಳಿಗೇಲಿ ಓಗು ಅಂತೀಯಲ್ಲ, ನಿಂಗೇನ್ ಬುದ್ಧಿ ಅದಾ? ಏ ಕುಸಾ, ಏನ್ ನೋಡ್ತ ನಿಂತಿದ್ದೀ, ತಕಳೆ ಪೊರಕೇಯ! ಗುಡ್ಸು!”

ನಾನು ಗುಡಿಸಿದೆ. ಅವ್ವ ಮರದ ಹಲಗೆ ತಂದು ನೂಕಿದಳು. ಉಳಿದದ್ದನ್ನು ಹೆಲಿಕಾಪ್ಟರೇ ಗುಡಿಸಿತು. ಅದರ ಗಾಳಿಗೆ ಹುಲ್ಲೆಲ್ಲ ಎದ್ದು ಹಾರಿ ಹಳ್ಳದಲ್ಲಿ ಬೋರಲು ಬಿದ್ದವರ ಮೇಲೆ ಕುಪ್ಪೆ ಕುಪ್ಪೆಯಾಗಿ ಇಳಿಯಿತು. ಕಾಳು ಒಂದಷ್ಟು ಹೋಯಿತು, ಬಹಳಷ್ಟು ಹೊಟ್ಟು ತೂರದೆಯೇ ಹೋಯಿತು. ನಾವು ಬಿಡಿಸಿದ ಜಾಗದಲ್ಲೇ ಅದು ಇಳಿದು ಕೂತು, ಸದ್ದು ನಿಲ್ಲಿಸಿತು. ಬಾಗಿಲು ತೆರೆದು ಕಪ್ಪು ಕನ್ನಡಕದ ಒಬ್ಬ ಸಾಹೇಬರು ಬೂಟುಗಾಲು ಹೊರಗಿಟ್ಟರು.

“ಸಾ, ಇದು ಕಣ. ಬೂಟ್ ಬುಟ್ಟು ಇಳೀರಿ,” ಎಂದಳು ಅಜ್ಜಿ.

ಸಾಹೇಬರು ಅವಳ ಕೈಯ ಪೊರಕೆ ನೋಡಿದರು. ಕೂತಲ್ಲೇ ಲೇಸು ಬಿಚ್ಚಿ, ಕಾಲುಚೀಲದಲ್ಲಿ ಇಳಿದರು. ಮಂಜಿನಲ್ಲಿ ದಾರಿ ಸಿಗಲಿಲ್ಲವಂತೆ. ಕೆಳಗೆ ಉದ್ದದ ನೆಲ ಕಂಡಿತಂತೆ. ಕೇಳಿಕೊಂಡು ಹೋಗೋಣ ಎಂದು ಇಳಿದರಂತೆ. ರಾಮಾಪುರ ಯಾವ ಕಡೆ?

ತಾತ ಕೈ ತೋರಿಸಿದ. ಹಳ್ಳದಿಂದ ಒಬ್ಬೊಬ್ಬರಾಗಿ ಎದ್ದವರು ಮೈಮೇಲಿನ ಹುಲ್ಲು ಕೊಡವಿಕೊಳ್ಳುತ್ತಾ ಬಂದು ಸುತ್ತ ನಿಂತರು. ಸಾಹೇಬರು ನೆಲವನ್ನು ಕಾಲಿನಿಂದ ತಟ್ಟಿ ನೋಡಿ ಕೇಳಿದರು:

“ಇದು ರನ್‌ವೇ ಅಲ್ವೇನ್ರೀ? ಹಿಂದೆ ಯಾವತ್ತಾದ್ರೂ ಇಲ್ಲಿ ವಿಮಾನ ಇಳಿದಿತ್ತಾ?”

ತಾತನಿಗೆ ಈ ಪ್ರಶ್ನೆಯನ್ನು ಅಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಕೇಳದೆಯೇ ಅವನು ಉತ್ತರ ಹೇಳಿಕೊಂಡು ಬಂದಿದ್ದ. ಈಗ ಬಾಯಿ ತೆರೆದ. ಎದುರಿಗೆ ಊರು ನಿಂತಿತ್ತು. ಹಿಂದಿನ ಸಾಲಿನಲ್ಲಿ ಯಾರದೋ ಬೆರಳು ಆಗಲೇ ಕಿವಿಯ ಹತ್ತಿರ ಹೋಗಿತ್ತು. ತಾತ ಅದನ್ನು ನೋಡಿದ. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು ತಲೆ ತಗ್ಗಿಸಿದ. ಸಾಕ್ಷಿ ಎಲ್ಲಿ ಎಂದು ದಿನಾ ಕೇಳುತ್ತಿದ್ದ ನನಗೆ ಅವತ್ತು ಏನೂ ಬೇಡವಾಗಿತ್ತು, ಅವನೊಮ್ಮೆ ಹೇಳಿಬಿಟ್ಟರೆ ಸಾಕಾಗಿತ್ತು.

“ಇಳ್ದಿತ್ತು ಸಾ,” ಎಂದಳು ಅಜ್ಜಿ. “ಒಂದ್ ಇಳ್ದಿತ್ತು. ಇದು ಎರಡ್ನೇದು.”

ಸಾಹೇಬರು ಅವಳ ಕಡೆ ತಿರುಗಿದರು.

“ನೀವು ನೋಡಿದ್ರಾ ಅಜ್ಜಿ?”

“ಈ ಕಣ್ಣಲ್ಲೇ ನೋಡಿವ್ನಿ. ಇವ್ರೆಲ್ಲ ಅಳ್ಳದಲ್ಲಿ ಬೋರಲು ಬಿದ್ದಿದ್ರು, ಈಗ್ ಬಿದ್ದಿದ್ರಲ್ಲ ಅಂಗೇಯ. ಇವ್ರಿಗೇನ್ ಗೊತ್ತು? ಕೆಂಪು ಮೊಕದೋನು ಇಳ್ದು, ಮಜ್ಗೆ ಕುಡ್ಕಂಡು ಓದ. ಬೆಳ್ಳಗೆ, ಕೊಕ್ಕರೆ ಅಂಗಿತ್ತು ಇಮಾನ.”

ಮೈತುಂಬ ಹುಲ್ಲು ಅಂಟಿಸಿಕೊಂಡ ಊರು ಏನು ಹೇಳಲಿ? ಕಿವಿಯ ಹತ್ತಿರ ಹೋಗಿದ್ದ ಬೆರಳು ಕೆಳಗಿಳಿಯಿತು. ಅಜ್ಜಿ ಹೊನ್ನೂರಿನಲ್ಲಿ ಬಾಣಂತಿಯಾಗಿದ್ದದ್ದು ಅಲ್ಲಿ ನಿಂತ ಹಿರಿಯರೆಲ್ಲರಿಗೂ ಗೊತ್ತಿತ್ತು. ಪೊರಕೆ ಹಿಡಿದು ನಿಂತ ಅವಳಿಗೆ ಅದನ್ನು ನೆನಪು ಮಾಡಿಕೊಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ತಾತ ಮೆಲ್ಲಗೆ ತಲೆಯೆತ್ತಿ ಅವಳನ್ನೇ ನೋಡಿದ. ಕೊನೆಗೆ ಹೊರಟ ಮಾತು ಇದು:

“ಬೆಳ್ಳಗೆಲ್ಲಿತ್ತಮ್ಮಿ? ಬೂದಿ ಬಣ್ಣ ಕಣ.”

“ಬೆಳ್ಳಗಿತ್ತು.”

“ಬೂದಿ ಬಣ್ಣ!”

“ನೀನು ಬಾಯ್ ಬುಟ್ಕಂಡು ನಿಂತಿದ್ದೆ, ನಿಂಗೇನ್ ಕಂಡೀತು? ಬೆಳ್ಳಗೇ ಇತ್ತು.”

ಸಾಹೇಬರು ಕಾಲುಚೀಲ ಕೊಡವಿಕೊಂಡು ಹತ್ತಿ ಕೂತು, ತಾತ ತೋರಿಸಿದ ಕಡೆಗೆ ಹಾರಿಹೋಗುವವರೆಗೂ ಇಬ್ಬರೂ ಅದನ್ನೇ ಆಡುತ್ತಿದ್ದರು. ಆ ರಾತ್ರಿ ಮಳೆ ಬರಲಿಲ್ಲ. ಮುದ್ದೆಯ ಹೊತ್ತಿಗೆ ವಿಮಾನ ಎಂದಿನಂತೆ ಇಳಿಯಿತು, ಆದರೆ ಅಜ್ಜಿ ಅದನ್ನು ಅಟ್ಟಲಿಲ್ಲ. ಅದರ ಬಣ್ಣಕ್ಕಾಗಿ ಇಬ್ಬರೂ ಕಿತ್ತಾಡಿದರು. ಅವಳು ಸಾರು ತರಲು ಒಲೆಯ ಹತ್ತಿರ ಎದ್ದು ಹೋದಾಗ ನಾನು ತಾತನ ಕಿವಿಯಲ್ಲಿ ಕೇಳಿದೆ:

“ತಾತ, ಅಜ್ಜಿ ಆವತ್ತು ಹೊನ್ನೂರಲ್ಲಿದ್ಲು ಅಂತಿದ್ಯಲ್ಲ?”

ತಾತ ಒಲೆಯ ಕಡೆ ಒಮ್ಮೆ ನೋಡಿ, ಮುಖ ಅರಳಿಸಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟ.

“ಊಂ ಕಣಮ್ಮಿ. ಅಲ್ಲಿಂದ್ಲೇ ನೋಡವ್ಳೆ. ಅಷ್ಟ್ ದೂರದಿಂದ ಬೆಳ್ಳಗಲ್ದೆ ಇನ್ನೇನ್ ಕಂಡದು?”